ಕೀಲುನೋವಿನ ಮೂಲ ಹುಡುಕಲು ಕಂಪ್ಯೂಟರ್: ಏನಿದು ‘ಎಐ/ರೂಮ್’?

ಕೀಲುನೋವು ಅಂದ್ರೆ ಒಂದೇ ಕಾಯಿಲೆಯಲ್ಲ. ಸವೆತ, ರುಮಟಾಯ್ಡ್ ಸಂಧಿವಾತ, ಗೌಟ್, ಲೂಪಸ್ ಮೇಲ್ನೋಟಕ್ಕೆ ಹೋಲುತ್ತವೆ. ಚಿಕಿತ್ಸೆ ಮಾತ್ರ ಬೇರೆ ಬೇರೆ. ಇವನ್ನು ಗುರುತಿಸಲು ಸಾಮಾನ್ಯ ವೈದ್ಯರಿಗೆ ನೆರವಾಗಲೆಂದು 1980ರ ದಶಕದಲ್ಲಿ ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಕಂಪ್ಯೂಟರ್ ವ್ಯವಸ್ಥೆಯೇ ‘ಎಐ/ರೂಮ್’. ಅದರಲ್ಲಿ 26 ಕಾಯಿಲೆಗಳ ನಿಯಮಗಳಿದ್ದವು.

ಕೆಲಸ ಹೇಗೆ?
ವೈದ್ಯರು ಊತ, ಬೆಳಗಿನ ಬಿಗಿತ, ರಕ್ತಪರೀಕ್ಷೆ, ಎಕ್ಸ್‌ರೇ ವಿವರ ತುಂಬಬೇಕು. ಪ್ರತಿ ಕಾಯಿಲೆಗೆ ಇರಲೇಬೇಕಾದ ಹಾಗೂ ಇರಬಾರದ ಲಕ್ಷಣಗಳನ್ನು ತಾಳೆ ನೋಡಿ ‘ಖಚಿತ’, ‘ಬಹುತೇಕ’, ‘ಇರಬಹುದು’ ಎಂದು ಅದು ಹೇಳುತ್ತಿತ್ತು.

ಮಿತಿ ಏನು?
ಕೀಲು ಮುಟ್ಟಿ ನೋಡೋದು ವೈದ್ಯರೇ. ತಪ್ಪು ವಿವರ ಕೊಟ್ಟರೆ ಉತ್ತರವೂ ತಪ್ಪು. ರುಮಟಾಯ್ಡ್‌ನಿಂದ ಹಾಳಾದ ಕೀಲು ಮೊದಲಿನಂತಾಗಲ್ಲ. ಬೆರಳು ಊದಿ, ಬೆಳಗಿನ ಬಿಗಿತ ವಾರಗಟ್ಟಲೆ ಬಿಡದಿದ್ದರೆ ಮೆಡಿಕಲ್ ಶಾಪ್‌ನ ನೋವಿನ ಮಾತ್ರೆಯಲ್ಲೇ ದಿನ ತಳ್ಳದೆ ವೈದ್ಯರಿಗೆ ತೋರಿಸಿ.