ವರ್ಧಿತ ಭೂಶಾಖ ವ್ಯವಸ್ಥೆ

ವರ್ಧಿತ ಭೂಶಾಖ ವ್ಯವಸ್ಥೆಯು ಭೂಮಿಯ ಆಳದಲ್ಲಿರುವ, ಬಿಸಿಯಾಗಿದ್ದರೂ ನೀರು ಸುಲಭವಾಗಿ ಹರಿಯಲಾರದ ಶಿಲೆಗಳಿಂದ ಶಾಖವನ್ನು ಪಡೆದು ವಿದ್ಯುತ್ ಉತ್ಪಾದಿಸುವ ತಂತ್ರಜ್ಞಾನವಾಗಿದೆ. ಕೊಳವೆಬಾವಿಯ ಮೂಲಕ ಅಧಿಕ ಒತ್ತಡದಲ್ಲಿ ನೀರನ್ನು ಒಳನುಗ್ಗಿಸಿ ಶಿಲೆಯ ಬಿರುಕುಗಳನ್ನು ಹಿಗ್ಗಿಸಲಾಗುತ್ತದೆ. ಅವುಗಳಲ್ಲಿ ಹರಿದು ಕಾದ ನೀರನ್ನು ಮತ್ತೊಂದು ಬಾವಿಯಿಂದ ಮೇಲಕ್ಕೆ ತರಲಾಗುತ್ತದೆ. ಬಿಸಿನೀರಿನ ಬುಗ್ಗೆಗಳಿಲ್ಲದ ಪ್ರದೇಶದಲ್ಲಿಯೂ ಹಗಲಿರುಳು ವಿದ್ಯುತ್ ಒದಗಿಸಬಲ್ಲದೆಂಬುದು ಇದರ ಹಿರಿಮೆ. ಬಿರುಕು ಹಿಗ್ಗಿಸುವ ಕ್ರಿಯೆಯೇ ಭೂಕಂಪಕ್ಕೆ ಕಾರಣವಾಗಬಹುದೆಂಬುದು ಮುಖ್ಯ ಅಪಾಯ.

ಬೆಳವಣಿಗೆ

ಮೊದಲ ಪ್ರಯೋಗಗಳು 1970ರ ದಶಕದಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಫೆಂಟನ್ ಹಿಲ್‌ನಲ್ಲಿ ನಡೆದವು. 2023ರಲ್ಲಿ ಫೆರ್ವೊ ಎನರ್ಜಿ ಸಂಸ್ಥೆಯು ನೆವಾಡಾದಲ್ಲಿ ಅಡ್ಡಲಾಗಿ ಕೊರೆದ ಬಾವಿಗಳನ್ನು 30 ದಿನಗಳ ಕಾಲ ಯಶಸ್ವಿಯಾಗಿ ಪರೀಕ್ಷಿಸಿತು. ಆದರೂ ವಾಣಿಜ್ಯ ಮಟ್ಟದಲ್ಲಿ ಈ ತಂತ್ರಜ್ಞಾನ ಇನ್ನೂ ಆರಂಭದ ಹಂತದಲ್ಲಿದೆ.

ಪ್ರೇರಿತ ಭೂಕಂಪಗಳು

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರವು 1356ರ ಭೂಕಂಪದಲ್ಲಿ ನಾಶಗೊಂಡಿತ್ತು. ಅದೇ ನಗರದ ಅಡಿಯಲ್ಲಿ 2006ರ ಡಿಸೆಂಬರ್‌ನಲ್ಲಿ ಸುಮಾರು 11,500 ಘನ ಮೀಟರ್ ನೀರನ್ನು ನುಗ್ಗಿಸಲಾಯಿತು. ಕಂಪನಗಳು ನಿಗದಿತ ಮಿತಿ ಮೀರಿದೊಡನೆ ಕೆಲಸ ನಿಲ್ಲಿಸುವ 'ಸಂಚಾರ ದೀಪ' ಪದ್ಧತಿ ಅಲ್ಲಿ ಜಾರಿಯಲ್ಲಿತ್ತು. ಅದರಂತೆ ನೀರು ನಿಲ್ಲಿಸಿದ ಕೆಲವೇ ಗಂಟೆಗಳಲ್ಲಿ 3.4 ತೀವ್ರತೆಯ ಕಂಪನ ಸಂಭವಿಸಿತು. ಯೋಜನೆಯನ್ನು 2009ರಲ್ಲಿ ಕೈಬಿಡಲಾಯಿತು.

ದಕ್ಷಿಣ ಕೊರಿಯಾದ ಪೊಹಾಂಗ್‌ನಲ್ಲಿ ಪರಿಣಾಮ ಇನ್ನೂ ಗಂಭೀರವಾಗಿತ್ತು. ಅಲ್ಲಿ ನುಗ್ಗಿಸಿದ ನೀರು ಬಾಸೆಲ್‌ನದಕ್ಕಿಂತ ತುಸು ಮಾತ್ರ ಹೆಚ್ಚು. 2017ರ ಏಪ್ರಿಲ್‌ನಲ್ಲಿ 3ಕ್ಕಿಂತ ಹೆಚ್ಚು ತೀವ್ರತೆಯ ಕಂಪನ ಉಂಟಾದರೂ ಕಾರ್ಯ ಮುಂದುವರಿಯಿತು. ಸೆಪ್ಟೆಂಬರ್‌ನಲ್ಲಿ ನೀರು ನುಗ್ಗಿಸುವುದು ಮುಗಿದು ಸುಮಾರು ಎರಡು ತಿಂಗಳ ಬಳಿಕ, ನವೆಂಬರ್ 15ರಂದು, 5.4 ತೀವ್ರತೆಯ ಭೂಕಂಪವಾಯಿತು. ಇದರಲ್ಲಿ ಬಿಡುಗಡೆಯಾದ ಶಕ್ತಿ ಬಾಸೆಲ್‌ನದಕ್ಕಿಂತ ಸುಮಾರು ಸಾವಿರ ಪಟ್ಟು. ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಮರುದಿನ ದೇಶದಾದ್ಯಂತ ನಡೆಯಬೇಕಿದ್ದ ಕಾಲೇಜು ಪ್ರವೇಶ ಪರೀಕ್ಷೆಯನ್ನು ಒಂದು ವಾರ ಮುಂದೂಡಲಾಯಿತು. ಸರ್ಕಾರ ನೇಮಿಸಿದ ಸಮಿತಿಯು 2019ರ ಮಾರ್ಚ್‌ನಲ್ಲಿ ಭೂಶಾಖ ಯೋಜನೆಯೇ ಈ ಭೂಕಂಪಕ್ಕೆ ಪ್ರಚೋದನೆ ನೀಡಿತೆಂದು ತೀರ್ಮಾನಿಸಿತು. ಬಾವಿಯು ಅದುವರೆಗೆ ಗುರುತಿಸದಿದ್ದ ಸ್ತರಭಂಗವೊಂದನ್ನು ಹಾದುಹೋಗಿತ್ತು.

ಸ್ತರಭಂಗದೊಳಗೆ ನೀರಿನ ಒತ್ತಡ ಹೆಚ್ಚಿದಾಗ ಅದರ ಎರಡು ಬದಿಗಳ ನಡುವಿನ ಹಿಡಿತ ಸಡಿಲಗೊಳ್ಳುತ್ತದೆ. ಪಂಪು ನಿಂತರೂ ಒತ್ತಡ ನಿಧಾನವಾಗಿ ಹರಡುತ್ತಲೇ ಇರುತ್ತದೆ. ಆದ್ದರಿಂದ ಸಂಚಾರ ದೀಪ ಪದ್ಧತಿಯೊಂದೇ ಸಾಕಾಗುವುದಿಲ್ಲ; ಕೊರೆಯುವ ಮುನ್ನವೇ ಸ್ತರಭಂಗಗಳ ಶೋಧ ಅಗತ್ಯ.

ಇತರ ಪರಿಣಾಮಗಳು

ನೀರಿನ ಬಳಕೆ ಹೆಚ್ಚು. ಆಳದ ನೀರಿನಲ್ಲಿ ಕರಗಿರುವ ಲವಣಗಳು ಕೊಳವೆಗಳಲ್ಲಿ ಗಟ್ಟಿಯಾಗಿ ಕೂರುತ್ತವೆ. ಕೆಲವೆಡೆ ಅವುಗಳಲ್ಲಿ ನೈಸರ್ಗಿಕ ವಿಕಿರಣಶೀಲ ಅಂಶಗಳೂ ಇರುತ್ತವೆ.

ಭಾರತದಲ್ಲಿ

ಲಡಾಖ್‌ನ ಪುಗಾ ಕಣಿವೆಯ ಯೋಜನೆಗೆ 2021ರಲ್ಲಿ ಒ.ಎನ್.ಜಿ.ಸಿ. ಒಪ್ಪಂದ ಮಾಡಿಕೊಂಡಿತು. ಅಲ್ಲಿ ಬಿಸಿನೀರು ನೈಸರ್ಗಿಕವಾಗಿಯೇ ದೊರೆಯುವುದರಿಂದ ಅದನ್ನು ಸಾಂಪ್ರದಾಯಿಕ ಭೂಶಾಖ ಯೋಜನೆಯೆಂದೇ ಪರಿಗಣಿಸಬೇಕಾಗುತ್ತದೆ.