ಆಡಿದವನ ಕೂಲಿ

1987ರ ಫೆಬ್ರವರಿ 25ರಂದು ಅಮೆರಿಕದ ಡಲ್ಲಾಸ್ ನಗರದ ಒಂದು ಫುಟ್‌ಬಾಲ್ ತಂಡಕ್ಕೆ ಮರಣದಂಡನೆಯಾಯಿತು. ತಂಡ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾನಿಲಯದ್ದು. ಶಿಕ್ಷೆ ಕೊಟ್ಟದ್ದು ಅಲ್ಲಿನ ಕಾಲೇಜು ಕ್ರೀಡೆಗಳನ್ನು ಆಳುವ ಎನ್‌ಸಿಎಎ ಎಂಬ ಸಂಸ್ಥೆ. ಆ ವರ್ಷ ಒಂದು ಪಂದ್ಯವನ್ನೂ ಆಡುವಂತಿಲ್ಲ, ಮರುವರ್ಷ ಸ್ವಂತ ಮೈದಾನದಲ್ಲಿ ಆಡುವಂತಿಲ್ಲ ಎಂಬುದು ತೀರ್ಪು. ಪತ್ರಿಕೆಗಳು ಇದನ್ನೇ ‘ಮರಣದಂಡನೆ’ ಎಂದು ಕರೆದವು. 1988ರ ಪಂದ್ಯಗಳನ್ನು ವಿಶ್ವವಿದ್ಯಾನಿಲಯ ತಾನಾಗಿಯೇ ಕೈಬಿಟ್ಟಿತು.

ಅಪರಾಧ ಏನು? ಆಟಗಾರರಿಗೆ ಹಣ ಕೊಟ್ಟದ್ದು. 1985-86ರಲ್ಲಿ 13 ಮಂದಿ ಆಟಗಾರರಿಗೆ ಗುಟ್ಟಾಗಿ ಸಂದಾಯವಾದ ಹಣ ಒಟ್ಟು 61,000 ಡಾಲರ್. ಒಬ್ಬೊಬ್ಬನಿಗೆ ತಿಂಗಳಿಗೆ 50 ಡಾಲರಿನಿಂದ 725 ಡಾಲರಿನವರೆಗೆ.

ಇಲ್ಲಿ ಫುಟ್‌ಬಾಲ್ ಎಂದರೆ ನಾವು ಕಂಡ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ, ಅಡ್ಡ ಬಂದವರನ್ನು ಮೈಯಿಂದಲೇ ಕೆಡವುವ ಆಟ ಅದು. ತಲೆಗೆ ಶಿರಸ್ತ್ರಾಣ, ಭುಜಕ್ಕೆ ಕವಚ ಇಲ್ಲದೆ ಯಾರೂ ಅಂಗಳಕ್ಕೆ ಇಳಿಯುವುದಿಲ್ಲ. ದೊಡ್ಡ ವಿಶ್ವವಿದ್ಯಾನಿಲಯಗಳ ಪಂದ್ಯಗಳಿಗೆ ಸಾವಿರಗಟ್ಟಲೆ ಜನ ಸೇರುತ್ತಾರೆ. ಟಿಕೇಟು, ಟಿವಿ, ಜಾಹೀರಾತುಗಳಿಂದ ಕೋಟಿಗಟ್ಟಲೆ ಡಾಲರ್ ಹರಿದುಬರುತ್ತದೆ. ತರಬೇತುದಾರನಿಗೆ ಸಂಬಳವಿದೆ, ಅಧಿಕಾರಿಗೆ ಸಂಬಳವಿದೆ, ಮೈದಾನ ಗುಡಿಸುವವನಿಗೂ ಕೂಲಿಯಿದೆ. ಮೈಯೊಡ್ಡಿ ಆಡುವ ಹುಡುಗನಿಗೆ ಮಾತ್ರ ಹಣ ಸಂದರೆ ಅದು ಅಂದು ‘ಅಕ್ರಮ ಪಾವತಿ’ ಎನಿಸುತ್ತಿತ್ತು. ಈ ವಿಚಿತ್ರ ನ್ಯಾಯ ಎಲ್ಲಿಂದ ಬಂತು? ಅದರ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡಬೇಕು.

‘ಹಿಂದೆ ಕಾಲೇಜು ಆಟ ಶುದ್ಧವಾಗಿತ್ತು, ಹಣ ಬಂದು ಕೆಡಿಸಿತು’ ಎನ್ನುವವರಿದ್ದಾರೆ. ಚರಿತ್ರೆ ಹಾಗೆ ಹೇಳುವುದಿಲ್ಲ. ಅಮೆರಿಕದ ಎರಡು ಕಾಲೇಜುಗಳ ನಡುವೆ ನಡೆದ ಮೊದಲ ಕ್ರೀಡಾ ಸ್ಪರ್ಧೆ 1852ರಲ್ಲಿ ಹಾರ್ವರ್ಡ್ ಮತ್ತು ಯೇಲ್ ವಿದ್ಯಾರ್ಥಿಗಳ ದೋಣಿ ಪಂದ್ಯ. ಅದರ ಖರ್ಚು ಹೊತ್ತದ್ದು ಒಂದು ರೈಲ್ವೆ ಕಂಪನಿ. ಪಂದ್ಯ ನೋಡಲು ಜನ ರೈಲು ಹತ್ತಲಿ ಎಂಬುದೇ ಅದರ ಲೆಕ್ಕ. ಅಂದರೆ ವ್ಯಾಪಾರ ಆಮೇಲೆ ಬಂದು ಸೇರಿದ್ದಲ್ಲ, ತೊಟ್ಟಿಲಿನಲ್ಲೇ ಇತ್ತು. ಯೇಲ್ ಫುಟ್‌ಬಾಲ್ ತಂಡದ 1904ರ ನಾಯಕ ಜೇಮ್ಸ್ ಹೋಗನ್‌ಗೆ ಶುಲ್ಕ ಮಾಫಿ, ಊಟ ಉಚಿತ, ಕ್ಯೂಬಾ ಪ್ರವಾಸ, ಅದರ ಮೇಲೆ ಸಿಗರೇಟು ಮಾರಾಟದ ಮೇಲೆ ಕಮಿಷನ್ನೂ ದೊರೆಯುತ್ತಿತ್ತು.

1905ರಲ್ಲಿ ಈ ಆಟದಲ್ಲಿ 18 ಮಂದಿ ಸತ್ತರೆಂದು ಪತ್ರಿಕೆಗಳು ಲೆಕ್ಕ ಕೊಟ್ಟವು. ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಕಾಲೇಜುಗಳವರನ್ನು ಕರೆಸಿ ಮಾತಾಡಿದರು. ಮರುವರ್ಷ ಹುಟ್ಟಿದ ಸಂಸ್ಥೆಯೇ 1910ರಲ್ಲಿ ಎನ್‌ಸಿಎಎ ಎಂಬ ಹೆಸರು ಪಡೆಯಿತು. ಗಮನಿಸಿ: ಅದು ಹುಟ್ಟಿದ್ದು ಆಟಗಾರನ ಜೀವ ಉಳಿಸುವ ಹೆಸರಿನಲ್ಲಿ. ಕಾಲಕ್ರಮದಲ್ಲಿ ಅದರ ಮುಖ್ಯ ಕಸುಬಾದದ್ದು ಆಟಗಾರನ ಜೇಬು ತಪಾಸಣೆ.

ತಪಾಸಣೆಯಾದರೂ ನಡೆಯಿತೇ? 1929ರಲ್ಲಿ ಕಾರ್ನೆಗಿ ಪ್ರತಿಷ್ಠಾನ ನೂರಕ್ಕೂ ಹೆಚ್ಚು ಕಾಲೇಜುಗಳನ್ನು ಸುತ್ತಿ ವರದಿ ಹೊರತಂದಿತು. ಆಟಗಾರರಿಗೆ ಒಂದಲ್ಲ ಒಂದು ರೂಪದಲ್ಲಿ ಹಣ ಕೊಡದ ಕಾಲೇಜುಗಳೇ ಅಲ್ಪಸಂಖ್ಯಾತವಾಗಿದ್ದವು. 1948ರಲ್ಲಿ ಒಂದು ಕಟ್ಟುನಿಟ್ಟಿನ ಸಂಹಿತೆ ಬಂತು. 1950ರಲ್ಲಿ ಅದನ್ನು ಮುರಿದ ಏಳು ಕಾಲೇಜುಗಳನ್ನು ಹೊರಹಾಕಲು ಮತಕ್ಕಿಟ್ಟರೆ ಬೇಕಾದಷ್ಟು ಮತ ಬೀಳಲಿಲ್ಲ. ಎಲ್ಲರ ಮನೆ ದೋಸೆಯೂ ತೂತೇ ಆಗಿದ್ದಾಗ ಕಲ್ಲೆಸೆಯುವವರು ಯಾರು? ಮರುವರ್ಷವೇ ಸಂಹಿತೆ ಸತ್ತಿತು.

ಈಗ ಈ ಚರಿತ್ರೆಯ ತಿರುವಿಗೆ ಬರೋಣ. ಡೆನ್ವರ್ ವಿಶ್ವವಿದ್ಯಾನಿಲಯದ ಅರ್ನೆಸ್ಟ್ ನೆಮೆತ್ ಎಂಬ ಆಟಗಾರ ಅಭ್ಯಾಸದ ವೇಳೆ ಬೆನ್ನಿಗೆ ಪೆಟ್ಟು ಮಾಡಿಕೊಂಡ. ಕಾಲೇಜಿನಲ್ಲಿ ಅವನಿಗಿದ್ದ ಸಣ್ಣ ಕೆಲಸ ಉಳಿಯುವುದು ಫುಟ್‌ಬಾಲ್ ಆಡಿದರೆ ಮಾತ್ರ. ಆದ್ದರಿಂದ ಅವನು ನೌಕರನೇ, ಪರಿಹಾರಕ್ಕೆ ಅರ್ಹ ಎಂದು 1953ರಲ್ಲಿ ಕೊಲರಾಡೊ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಎನ್‌ಸಿಎಎ ಬೆದರಿತು. ಆಟಗಾರ ನೌಕರನಾದರೆ ಮುರಿದ ಬೆನ್ನಿಗೆ, ಹೋದ ಜೀವಕ್ಕೆ ಕಾಲೇಜು ಉತ್ತರ ಹೇಳಬೇಕಲ್ಲ! ಆಗ ಹುಟ್ಟಿದ ಪದವೇ ‘ವಿದ್ಯಾರ್ಥಿ-ಕ್ರೀಡಾಪಟು’. 1951ರಿಂದ ಮೂರೂವರೆ ದಶಕ ಎನ್‌ಸಿಎಎಯನ್ನು ನಡೆಸಿದ ವಾಲ್ಟರ್ ಬೈಯರ್ಸ್, ಈ ಪದವನ್ನು ತಾವು ರೂಢಿಗೆ ತಂದದ್ದು ಇದೇ ಭಯದಿಂದ ಎಂದು 1995ರಲ್ಲಿ ತಮ್ಮ ಪುಸ್ತಕದಲ್ಲಿ ಒಪ್ಪಿಕೊಂಡರು.

ಪದಕ್ಕೆ ಎಷ್ಟು ಬಲ ಎಂಬುದು ಬೇಗನೆ ಗೊತ್ತಾಯಿತು. 1955ರಲ್ಲಿ ಅದೇ ಕೊಲರಾಡೊದ ಫೋರ್ಟ್ ಲೂಯಿಸ್ ಎಂಬ ಕಾಲೇಜಿನ ಆಟಗಾರ ರೇ ಡೆನಿಸನ್ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡ. ಹೆಂಡತಿ ಪರಿಹಾರ ಕೇಳಿ ಹೋದಳು. ಕಾಲೇಜು ಫುಟ್‌ಬಾಲ್ ವ್ಯಾಪಾರ ನಡೆಸುತ್ತಿಲ್ಲ, ಆದ್ದರಿಂದ ಸತ್ತವನು ನೌಕರನಲ್ಲ ಎಂದು 1957ರಲ್ಲಿ ಅದೇ ನ್ಯಾಯಾಲಯ ತೀರ್ಪಿತ್ತಿತು. ಆ ವಿಧವೆಗೆ ಸಿಕ್ಕಿದ್ದು ಬರಿಗೈ.

‘ಶಿಕ್ಷಣವೇ ಪ್ರತಿಫಲವಲ್ಲವೇ?’ ಎಂದು ಕೇಳಬಹುದು. ಪ್ರಶ್ನೆ ಅಲಕ್ಷಿಸುವಂಥದ್ದಲ್ಲ. 1956ರಿಂದ ಆಟಗಾರರಿಗೆ ಪೂರ್ಣ ವಿದ್ಯಾರ್ಥಿವೇತನ ಕೊಡಲು ಅನುಮತಿ ಸಿಕ್ಕಿತು. ಅದರಿಂದ ಓದಿ ಮೇಲೆ ಬಂದವರೂ ಇದ್ದಾರೆ. ಆದರೆ ಆ ಪ್ರತಿಫಲದ ಮಿತಿಯನ್ನು ಕಾಲೇಜುಗಳೇ ಒಟ್ಟುಗೂಡಿ ಗೊತ್ತುಮಾಡಿದ್ದವು. ಚೌಕಾಸಿಗೆ ಹುಡುಗನಿಗೆ ಜಾಗವಿರಲಿಲ್ಲ. 1973ರಲ್ಲಿ ನಾಲ್ಕು ವರ್ಷಗಳ ವೇತನವನ್ನು ವರ್ಷ ವರ್ಷ ನವೀಕರಿಸುವ ಪದ್ಧತಿಗೆ ಇಳಿಸಿದರು. ಮೊಣಕಾಲು ಮುರಿದವನ ಓದು ತರಬೇತುದಾರನ ಮರ್ಜಿಗೆ ಬಿತ್ತು. ಇದನ್ನು ಶಿಕ್ಷಣದ ಪ್ರೀತಿ ಎನ್ನುವುದು ಹೇಗೆ?

ಇನ್ನು ಡಲ್ಲಾಸಿಗೆ ಮರಳೋಣ. ಸದರ್ನ್ ಮೆಥಡಿಸ್ಟ್ ಕ್ರೈಸ್ತ ಪಂಥವೊಂದರ ಹೆಸರು ಹೊತ್ತ ಸಂಸ್ಥೆ. 1966ರಲ್ಲಿ ಜೆರ್ರಿ ಲೆವಾಯಸ್ ಎಂಬ ಕರಿಯ ಯುವಕನನ್ನು ಅಂಗಳಕ್ಕಿಳಿಸಿದ್ದು ಇದೇ ವಿಶ್ವವಿದ್ಯಾನಿಲಯ. ಆ ಪ್ರಾಂತದ ದೊಡ್ಡ ಕಾಲೇಜುಗಳ ಒಕ್ಕೂಟದಲ್ಲಿ ವಿದ್ಯಾರ್ಥಿವೇತನ ಪಡೆದ ಮೊದಲ ಕರಿಯ ಆಟಗಾರ ಆತ. ಕೊಲೆ ಬೆದರಿಕೆಗಳ ನಡುವೆಯೇ ಆಡಿದ. 1980ರ ದಶಕದ ಹೊತ್ತಿಗೆ ತಂಡ ದೇಶದ ಅಗ್ರಪಂಕ್ತಿಯಲ್ಲಿತ್ತು. 1982ರಲ್ಲಿ ಒಂದು ಪಂದ್ಯವನ್ನೂ ಸೋಲಲಿಲ್ಲ. ಗೆಲುವಿನ ಹಿಂದೆ ನಗರದ ಶ್ರೀಮಂತ ಅಭಿಮಾನಿಗಳ ಹಣವಿತ್ತು. ಅವರನ್ನು ಧರ್ಮಾತ್ಮರೆಂದು ನಾವು ಹೇಳುತ್ತಿಲ್ಲ. ಅವರಿಗೆ ಬೇಕಾಗಿದ್ದದ್ದು ಗೆಲುವಿನ ಮೋಜು; ಹುಡುಗರು ಅವರ ಪಾಲಿಗೆ ಜೂಜಿನ ಕುದುರೆಗಳು.

1985ರಲ್ಲೇ ಎನ್‌ಸಿಎಎ ಎಚ್ಚರಿಕೆಯ ಶಿಕ್ಷೆ ಕೊಟ್ಟಿತ್ತು. ಆಮೇಲೂ ಪಾವತಿ ನಿಲ್ಲಲಿಲ್ಲ. ಮಾತು ಕೊಟ್ಟಾಗಿದೆ, ಈಗಿನ ಹುಡುಗರು ಮುಗಿಸಿ ಹೋಗುವವರೆಗೆ ನಡೆಯಲಿ ಎಂದು ಮೇಲಿನವರು ಒಳಗೊಳಗೇ ತೀರ್ಮಾನಿಸಿದ್ದರು. ಆ ತೀರ್ಮಾನದಲ್ಲಿ ತಾನೂ ಇದ್ದೆ ಎಂದು 1987ರ ಮಾರ್ಚಿನಲ್ಲಿ ಒಪ್ಪಿಕೊಂಡವರು ಬಿಲ್ ಕ್ಲೆಮೆಂಟ್ಸ್. ಅವರು ವಿಶ್ವವಿದ್ಯಾನಿಲಯದ ಆಡಳಿತ ಮಂಡಳಿಯ ಮುಖ್ಯಸ್ಥರಾಗಿದ್ದವರು, ಒಪ್ಪಿಕೊಂಡ ಹೊತ್ತಿಗೆ ಟೆಕ್ಸಾಸ್ ರಾಜ್ಯದ ಗವರ್ನರ್!

ಶಿಕ್ಷೆ ಯಾರಿಗಾಯಿತು? ಕ್ಲೆಮೆಂಟ್ಸ್ 1991ರವರೆಗೆ ಗವರ್ನರ್ ಆಗಿಯೇ ಇದ್ದರು. ಹೊರಬಿದ್ದ ಕ್ರೀಡಾಧಿಕಾರಿಗಳಿಗೆ ಒಪ್ಪಂದದ ಲೆಕ್ಕದಲ್ಲಿ ಲಕ್ಷಗಟ್ಟಲೆ ಡಾಲರ್ ಸಂದದ್ದು ಮೆಥಡಿಸ್ಟ್ ಬಿಷಪ್‌ಗಳ ತನಿಖೆಯಿಂದಲೇ ಹೊರಬಂತು. ಹಣ ಪಡೆಯದ ಹುಡುಗರೂ ಸೇರಿದಂತೆ ಆಟಗಾರರಲ್ಲಿ ಅನೇಕರು ಗಂಟುಮೂಟೆ ಕಟ್ಟಿ ಬೇರೆ ಕಾಲೇಜು ಹುಡುಕಿದರು. ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಎಂಬ ನಮ್ಮ ಗಾದೆ ಡಲ್ಲಾಸಿಗೂ ಸಲ್ಲುತ್ತದೆ.

ಇದರ ನಡುವೆ ಟಿವಿಯ ಹಣ ಉಕ್ಕುತ್ತಿತ್ತು. 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪ್ರಸಾರದ ಹಕ್ಕನ್ನು ಎನ್‌ಸಿಎಎಯ ಮುಷ್ಟಿಯಿಂದ ಬಿಡಿಸಿ ಕಾಲೇಜುಗಳ ಕೈಗೆ ಕೊಟ್ಟಿತು. ಅದೇ ತೀರ್ಪಿನಲ್ಲಿ, ಕಾಲೇಜು ಆಟದ ಗುಣ ಉಳಿಯಬೇಕಾದರೆ ಆಟಗಾರರಿಗೆ ಹಣ ಕೊಡಬಾರದು ಎಂಬ ಮಾತೂ ಸೇರಿತ್ತು. ಮಾರುಕಟ್ಟೆಯ ಸ್ವಾತಂತ್ರ್ಯ ಕಾಲೇಜಿಗೆ, ತ್ಯಾಗದ ಉಪದೇಶ ಆಟಗಾರನಿಗೆ! ಆ ಮಾತಿನ ಗುರಾಣಿ ತುಂಡಾಗಲು 2021ರ ಜೂನ್ ಬರಬೇಕಾಯಿತು. ಆಲ್‌ಸ್ಟನ್ ಪ್ರಕರಣದಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ನಿಂತರು. ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖಗಳಿಂದ ಸಂಪಾದಿಸುವುದು ಸಿಂಧುವಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಒಂದು ರಾಜಿಯ ಪ್ರಕಾರ ಹಳಬರಿಗೆ ಸುಮಾರು 280 ಕೋಟಿ ಡಾಲರ್ ಬಾಕಿ ಸಲ್ಲಬೇಕಾಯಿತು. ಕಾಲೇಜುಗಳೇ ನೇರವಾಗಿ ಆಟಗಾರರಿಗೆ ಹಣ ಕೊಡುವ ಬಾಗಿಲೂ ತೆರೆಯಿತು.

ಮರಣದಂಡನೆಗೆ ಗುರಿಯಾದ ತಂಡ ಏನಾಯಿತು? 2022ರಲ್ಲಿ ಅದೇ ಡಲ್ಲಾಸಿನ ಅಭಿಮಾನಿಗಳು ಕೂಟ ಕಟ್ಟಿ, ಸದರ್ನ್ ಮೆಥಡಿಸ್ಟ್‌ನ ಫುಟ್‌ಬಾಲ್ ಆಟಗಾರರಿಗೆ ತಲಾ ವರ್ಷಕ್ಕೆ 36,000 ಡಾಲರ್ ಕೊಡುವುದಾಗಿ ಬಹಿರಂಗವಾಗಿ ಸಾರಿದರು. ಅಂದು 13 ಮಂದಿಗೆ ಸಂದ ಒಟ್ಟು ಹಣ ಇಂದಿನ ಇಬ್ಬರ ಪಾಲಿಗೂ ಸಾಲದು. ಅದೇ ಊರು, ಅಂಥದೇ ಧನಿಕರು, ಅದೇ ಕೊಡುಗೆ; ಬದಲಾದದ್ದು ಕಾನೂನು ಮಾತ್ರ. 2024ರಲ್ಲಿ ತಂಡ ರಾಷ್ಟ್ರಪ್ರಶಸ್ತಿಯ ಅಂತಿಮ ಸುತ್ತಿನ ಪಂದ್ಯಾವಳಿಗೂ ಏರಿತು.

ಹಾಗಾದರೆ ನ್ಯಾಯ ಸಿಕ್ಕಿತೆಂದು ನಿಟ್ಟುಸಿರು ಬಿಡೋಣವೇ? ಸ್ವಲ್ಪ ತಾಳಬೇಕು. 2025ರ ರಾಜಿ ಹಣದ ಮಾತಾಡಿತು. ಆಟಗಾರ ನೌಕರನೆಂದು ಮಾತ್ರ ಎಲ್ಲೂ ಹೇಳಲಿಲ್ಲ. ತಾರೆಯ ಜೇಬು ತುಂಬಿಸುವುದು ಸುಲಭ. ತಲೆಗೆ ಪೆಟ್ಟು ಬಿದ್ದವನ ಮನೆಗೆ ಯಾರು ಹೊಣೆ ಎಂದು ಹೇಳುವುದು ಕಷ್ಟ. ನೂರು ವರ್ಷ ಯಾವುದನ್ನು ಭ್ರಷ್ಟಾಚಾರ ಎಂದು ಕರೆದರೋ ಅದರಲ್ಲಿ ಬಹುಪಾಲು ತಡೆದಿಟ್ಟ ಕೂಲಿಯಾಗಿತ್ತು. ಆ ಕೂಲಿಯ ಒಂದು ಭಾಗ ಈಗ ಸಂದಾಯವಾಗುತ್ತಿದೆ. 1957ರಲ್ಲಿ ನ್ಯಾಯಾಲಯದಿಂದ ಬರಿಗೈಯಲ್ಲಿ ಮರಳಿದ ಆ ಹೆಂಗಸಿನ ಪ್ರಶ್ನೆಗೆ ಉತ್ತರ ಕೊಡುವುದು ಇನ್ನೂ ಬಾಕಿಯಿದೆ.