ಹೊಣೆ ಅಳಿದರೂ ಉಳಿದ ವರಮಾನ

ಕೆಲಸದ ಹೊಣೆ ಕುಗ್ಗಿದ ಹಿರಿಯ ಅಧಿಕಾರಿಗೆ ಹಳೆಯ ಸಂಬಳವೇ ಸಲ್ಲಬೇಕೆ ಎಂಬ ಪ್ರಶ್ನೆಗೆ ಬ್ರಿಟನ್ನಿನ ಸಂಸತ್ತಿನಲ್ಲಿ ದೀರ್ಘ ಇತಿಹಾಸವಿದೆ. ಎಡ್ಮಂಡ್ ಬರ್ಕ್ 1780ರಲ್ಲಿ ಕಾಮನ್ಸ್ ಸಭೆಯ ಮುಂದಿಟ್ಟ ಮಿತವ್ಯಯ ಸುಧಾರಣೆ, ಅಂದರೆ ರಾಜಕೃಪೆಯಿಂದ ದೊರೆಯುವ ನಿರುಪಯುಕ್ತ ಹುದ್ದೆಗಳನ್ನು ಕಡಿತಗೊಳಿಸುವ ಯೋಜನೆಯು, 1782ರಲ್ಲಿ ಭಾಗಶಃ ಕಾಯಿದೆಯಾಯಿತು.

ಹೆಚ್ಚು ತೊಡಕಾದದ್ದು ರಾಜಖಜಾನೆಯ ‘ಟೆಲ್ಲರ್’ಗಳ, ಎಂದರೆ ಸರ್ಕಾರಿ ಹಣದ ಜಮೆ ಮತ್ತು ಪಾವತಿಗೆ ಹೊಣೆಯಾದ ಅಧಿಕಾರಿಗಳ ವಿಷಯ. ನಿತ್ಯದ ಕೆಲಸವನ್ನೆಲ್ಲ ಅವರ ಪ್ರತಿನಿಧಿಗಳೇ ನಡೆಸುತ್ತಿದ್ದರೂ, ಖಜಾನೆಯಿಂದ ಹೊರಡುವ ಹಣದ ಮೇಲೆ ಶುಲ್ಕ ಸಲ್ಲುತ್ತಿದ್ದುದರಿಂದ, ಯುದ್ಧದ ವೆಚ್ಚ ಏರಿದಂತೆಲ್ಲ ಟೆಲ್ಲರ್‌ಗಳ ವರಮಾನವೂ ಏರುತ್ತಿತ್ತು. 1783ರ ಕಾಯಿದೆಯು ಮುಂದೆ ಬರುವವರಿಗೆ ನಿಗದಿತ ವೇತನವನ್ನು ಗೊತ್ತುಪಡಿಸಿತಾದರೂ, ಹುದ್ದೆಯೂ ಒಂದು ಬಗೆಯ ಆಸ್ತಿಯೆಂಬ ಅಂದಿನ ನಂಬಿಕೆಗೆ ಮಣಿದು, ಅಧಿಕಾರದಲ್ಲಿದ್ದವರ ಶುಲ್ಕದ ಹಕ್ಕನ್ನು ಅವರ ಜೀವಿತಾವಧಿಗೆ ಕಾಯ್ದಿರಿಸಿತು.

1780ರಿಂದ ಟೆಲ್ಲರ್ ಆಗಿದ್ದ ಕ್ಯಾಮ್ಡನ್ ಪ್ರಭುವಿನ ಗಳಿಕೆ ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಅಪಾರವಾಗಿ ಬೆಳೆದು, 1812ರಲ್ಲಿ ಕಾಮನ್ಸ್ ಸಭೆಯಲ್ಲಿ ಟೀಕೆಗೆ ಗುರಿಯಾಯಿತು. ಕಾನೂನು ಅವನ ಪರವಾಗಿಯೇ ಇದ್ದರೂ ಅವನು ಆ ವರಮಾನದ ಬಹುಪಾಲನ್ನು ಮುಂದೆ ರಾಷ್ಟ್ರಕ್ಕೆ ಬಿಟ್ಟುಕೊಟ್ಟನು; ಹುದ್ದೆ ಮಾತ್ರ 1834ರಲ್ಲಿ ರದ್ದಾಗುವವರೆಗೂ ಅವನ ಹೆಸರಿನಲ್ಲೇ ಉಳಿಯಿತು.